ಕತ್ತರಿ ಆಡಿಸುವಾಗ ಉಸಿರು ಹಿಡಿಯಬೇಡ

ಅಂಗಡಿಯ ಹಿಂದಿನ ಕೋಣೆ,
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ದೊಡ್ಡ ಮಗಳಿಗೆ ನಿನ್ನ ಅಮ್ಮ ಬರೆಯುತ್ತಿರುವುದು,

ಹೇಗಿದ್ದೀಯ? ಅಳಿಯಂದಿರ ಬೆನ್ನುನೋವು ಈಗ ಹೇಗಿದೆ? ಮೊಮ್ಮಗಳಿಗೆ ಮುಂದಿನ ಹಲ್ಲು ಬಂತೋ, ಇನ್ನೂ ಬೊಚ್ಚುಬಾಯಿಯಲ್ಲೇ ನಗುತ್ತಾಳೋ? ನಾನು ಚೆನ್ನಾಗಿದ್ದೇನೆ. ಮೂರು ವರ್ಷ ಬಿಟ್ಟು ಅಮ್ಮನ ಕಾಗದ ಬಂತಲ್ಲ, ಯಾರಿಗೆ ಏನಾಯಿತೋ ಎಂದು ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಗಟ್ಟಿಯಾಗಿದ್ದಾರೆ, ಹೊಲಿಗೆ ಯಂತ್ರಗಳೂ ಸೇರಿ. ಫೋನಿನಲ್ಲಿ ಮಾತಾಡಿದರೆ ನಮ್ಮಿಬ್ಬರಿಗೂ ಮೂರನೇ ಮಾತಿಗೆ ಜಗಳವಾಗುತ್ತದೆ. ಕಾಗದವಾದರೆ ನಾನು ಹೇಳಿ ಮುಗಿಸುವ ತನಕ ನೀನು ಎದುರು ಮಾತಾಡುವ ಹಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕೂತುಕೊಂಡು ಓದು. ಮಧ್ಯದಲ್ಲಿ ಮಡಚಿಡಬೇಡ.

ಸೋಮವಾರ ನಿನ್ನ ತಮ್ಮ ಇಸ್ತ್ರಿ ಮಾಡುತ್ತಾ ಮಾಡುತ್ತಾ ಬಾಯಿ ಬಿಟ್ಟ. ನೀನು ಹೇಳಬೇಡ ಅಂದಿದ್ದೆಯಂತೆ. ಅವನ ಹೊಟ್ಟೆಯಲ್ಲಿ ಗುಟ್ಟು ಯಾವತ್ತು ನಿಂತಿದೆ ಹೇಳು? ಕತ್ತರಿಸುವ ಮೇಜಿನ ಮುಂದೆ ನಿಂತರೆ ನಿನಗೆ ಬೆರಳು ಜುಮ್ಮೆನ್ನುತ್ತದಂತೆ, ತುಟಿ ಮರಗಟ್ಟುತ್ತದಂತೆ, ಎದೆ ಡವಗುಟ್ಟಿ ಕಣ್ಣು ಮಂಜಾಗುತ್ತದಂತೆ. ಎರಡು ಸಲ ಡಾಕ್ಟರ ಹತ್ತಿರ ಹೋದೆಯಂತೆ. ಹೃದಯದ ಪರೀಕ್ಷೆ ಆಯಿತು, ರಕ್ತದ ಪರೀಕ್ಷೆ ಆಯಿತು, ಏನೂ ಸಿಗಲಿಲ್ಲ. ಎಲ್ಲ ನಿನ್ನ ಮನಸ್ಸಿನದು ಎಂದು ಸಿಕ್ಕಸಿಕ್ಕವರೆಲ್ಲ ಹೇಳುತ್ತಿದ್ದಾರಂತೆ. ಈ ತಿಂಗಳ ಕೊನೆಗೆ ನಿನ್ನ ಹೊಲಿಗೆ ಅಂಗಡಿಯ ಬೋರ್ಡು ಇಳಿಸುತ್ತೀಯಂತೆ, ಇನ್ನು ಕತ್ತರಿ ಮುಟ್ಟುವುದಿಲ್ಲವಂತೆ. ಇಷ್ಟು ಕೇಳಿ ಎರಡು ದಿನ ಸುಮ್ಮನಿದ್ದೆ. ನಾನು ಎರಡು ದಿನ ಸುಮ್ಮನಿದ್ದೆ ಅಂದರೆ ಎಷ್ಟು ಯೋಚನೆ ಮಾಡಿರಬೇಕು, ನೀನೇ ಅಂದಾಜು ಮಾಡು. ಬೋರ್ಡು ಇಳಿಯಬಾರದು. ಈ ಕಾಯಿಲೆ ಎಲ್ಲಿಂದ ಬಂತು ಎಂದು ನನಗೆ ಗೊತ್ತು. ಅದು ನನ್ನಿಂದ ಬಂತು.

ನಿನಗೆ ಹನ್ನೆರಡು ತುಂಬಿದಾಗ ದೊಡ್ಡ ಕತ್ತರಿ ಕೈಗೆ ಕೊಟ್ಟು ನಾನು ಹೇಳಿದ ಮೊದಲ ಮಾತು ನೆನಪಿದೆಯಾ? "ಕತ್ತರಿ ಬಾಯಿ ತೆರೆದಾಗ ನಿನ್ನ ಬಾಯಿ ಮುಚ್ಚಿರಬೇಕು, ಮೂಗೂ ಮುಚ್ಚಿರಬೇಕು." ನನ್ನ ಸೋದರತ್ತೆ ನನಗೆ ಹಾಗೇ ಕಲಿಸಿದ್ದಳು. ಉಸಿರು ಆಡಿದರೆ ಕೈ ಆಡುತ್ತದೆ, ಕೈ ಆಡಿದರೆ ಬಟ್ಟೆ ಹಾಳು. ನೀನು ಜಾಣೆ, ಒಂದೇ ಸಲಕ್ಕೆ ಕಲಿತೆ. ಕುತ್ತಿಗೆಯ ಸುತ್ತು ಕತ್ತರಿಸಿ ಮುಗಿಯುವ ತನಕ ಉಸಿರು ಬಿಗಿಹಿಡಿದು, ಆಮೇಲೆ ನೀರಿನಿಂದ ಮೇಲೆ ಬಂದವಳ ಹಾಗೆ ಏದುತ್ತಿದ್ದೆ. ಅದನ್ನು ನೋಡಿ ನಾನು ಹೆಮ್ಮೆಪಟ್ಟೆ. ಬಂದವರಿಗೆಲ್ಲ ಕರೆದು ತೋರಿಸಿದೆ.

ಈಗ ನನ್ನ ಸುದ್ದಿ ಕೇಳು. ನಾಲ್ಕು ತಿಂಗಳ ಹಿಂದೆ ಕಪ್ಪು ಉಣ್ಣೆಯ ಕೋಟೊಂದನ್ನು ಕತ್ತರಿಸುತ್ತಿದ್ದಾಗ ನನಗೇ ಕಣ್ಣು ಕತ್ತಲೆ ಬಂತು. ಕತ್ತರಿ ಕೈಜಾರಿ ಬಿತ್ತು, ನಾನು ನೆಲದ ಮೇಲೆ ಕೂತೆ. ನಿನಗೆ ಹೇಳಕೂಡದು ಎಂದು ನಿನ್ನ ತಮ್ಮನ ಕೈಲಿ ಆಣೆ ಹಾಕಿಸಿಕೊಂಡೆ. ನೋಡು, ನನ್ನ ಗುಟ್ಟು ಮಾತ್ರ ಹೇಗೋ ನಿಂತಿತು. ರಕ್ತದ ಒತ್ತಡ ಏರಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿಯ ಹತ್ತಿರ ಕಳಿಸಿದರು. ನಿನಗಿಂತ ಚಿಕ್ಕವಳು. ಇವಳೇನು ನನಗೆ ಕಲಿಸುವುದು ಎಂದು ಮೂಗು ಮುರಿದುಕೊಂಡೇ ಒಳಗೆ ಹೋದೆ. ಅವಳ ಬಿಳಿ ಕೋಟಿನ ಮೇಲುಗುಂಡಿ ದಾರದಲ್ಲಿ ನೇತಾಡುತ್ತಿತ್ತು. ಅದನ್ನು ನೋಡಿಕೊಂಡು ಕೂರುವುದು ನನ್ನಿಂದಾಗುತ್ತದೆಯೇ? ಬಿಚ್ಚು ಎಂದೆ, ಚೀಲದಿಂದ ಸೂಜಿದಾರ ತೆಗೆದೆ, ಹಾಕಿಕೊಟ್ಟೆ. ಅವಳು ನನ್ನನ್ನೇ ನೋಡುತ್ತಿದ್ದವಳು, "ಅಮ್ಮಾ, ದಾರ ಪೋಣಿಸಿ ಗಂಟು ಹಾಕೋ ತನಕ ನೀವು ಉಸಿರಾಡಲೇ ಇಲ್ಲ. ಮೂವತ್ತೆರಡು ಎಣಿಸಿದೆ" ಎಂದಳು. ನನಗೆ ಸಿಟ್ಟು ಬಂತು. ಗುಂಡಿ ಹಾಕಿಸಿಕೊಂಡದ್ದಕ್ಕೆ ಬಡ್ಡಿಯ ಹಾಗೆ ಬುದ್ಧಿ ಹೇಳುತ್ತಾಳಲ್ಲ ಎಂದು.

ದಿನಕ್ಕೆ ಎರಡು ಸಲ ಆಳವಾಗಿ ಉಸಿರಾಡಿ ಎಂದು ಹೇಳಿ ಕಳಿಸಿದಳು. ಅವಳು ತೋರಿಸಿದ್ದನ್ನು ನಾನು ಅರ್ಧ ಕಿವಿಯಲ್ಲಿ ಕೇಳಿದ್ದೆ. ಮನೆಗೆ ಬಂದು, ನನಗೆ ಬರದ ವಿದ್ಯೆಯೇ ಇದು ಎಂದು, ಶಾಲೆಯ ಕವಾಯತಿನಲ್ಲಿ ಕಲಿಸಿದ್ದ ಹಾಗೆ ಭುಜ ಎತ್ತಿ ಎದೆ ಉಬ್ಬಿಸಿ ಇಪ್ಪತ್ತು ಸಲ ಕಮ್ಮಾರನ ತಿದಿಯ ಹಾಗೆ ಎಳೆದೆಳೆದು ಬಿಟ್ಟೆ. ಹದಿನೈದಕ್ಕೇ ಬೆರಳು ಜುಮ್ಮೆಂದವು, ತುಟಿ ಮರಗಟ್ಟಿತು, ತಲೆ ಗಿರ್ರೆಂದು ಲೈನಿಂಗ್ ಬಟ್ಟೆಯ ಗುಡ್ಡೆಯ ಮೇಲೆ ಬಿದ್ದೆ. ನಿನ್ನ ತಮ್ಮ ಎತ್ತಿ ಕೂರಿಸಿ, "ಅಮ್ಮಾ, ಊರಿನ ಗಾಳಿಯೆಲ್ಲ ನೀನೊಬ್ಬಳೇ ಎಳ್ಕೊಂಡ್ರೆ ನಮ್ಮ ಗತಿ ಏನು?" ಎಂದ. ಮರುದಿನ ಆ ಹುಡುಗಿಯ ಜೊತೆ ಜಗಳಕ್ಕೇ ಹೋದೆ. ಅವಳು ಹೆದರಲಿಲ್ಲ. "ಆಳವಾಗಿ ಅಂದೆ, ಜೋರಾಗಿ ಅನ್ನಲಿಲ್ಲ. ನೀವು ಗಾಳಿ ನುಂಗಿದ್ದೀರಿ" ಎಂದಳು. ಅತಿಯಾಗಿ ಎಳೆದು ಬಿಟ್ಟರೆ, ನಾವು ಹೊರಗೆ ಹಾಕುವ ಗಾಳಿಯೂ ರಕ್ತದಲ್ಲಿ ಇರಬೇಕಾದಷ್ಟು ಉಳಿಯುವುದಿಲ್ಲವಂತೆ. ಅದರಿಂದಲೇ ತಲೆ ಸುತ್ತುವುದು, ಬೆರಳು ಜುಮ್ಮೆನ್ನುವುದು. ಮಗಳೇ, ಇದನ್ನು ಎರಡು ಸಲ ಓದು. ಉಸಿರು ಹಿಡಿಯುತ್ತೀಯ, ಆಮೇಲೆ ಏದುತ್ತೀಯ, ಮತ್ತೆ ಹಿಡಿಯುತ್ತೀಯ. ದಿನವಿಡೀ ಹೀಗೆ. ನಿನ್ನ ಬೆರಳು ಸುಳ್ಳು ಹೇಳುತ್ತಿಲ್ಲ. ನಿನಗೆ ಹುಚ್ಚೂ ಹಿಡಿದಿಲ್ಲ.

ಆದರೂ ನಾನು ಯಾರ ಮಾತನ್ನೂ ಅಳತೆ ಹಾಕದೆ ನಂಬುವವಳಲ್ಲ. ಟೇಪು ತೆಗೆದುಕೊಂಡು ನನಗೆ ನಾನೇ ಸುತ್ತಿಕೊಂಡೆ. ಉಸಿರು ಎಳೆದಾಗ ಎದೆಯ ಸುತ್ತಳತೆ ಒಂದೂವರೆ ಇಂಚು ಹೆಚ್ಚಿತು, ಹೊಟ್ಟೆಯದು ಮುಕ್ಕಾಲು ಇಂಚು ಕಡಿಮೆಯಾಯಿತು. ಗಾಳಿ ಒಳಗೆ ಬಂದಾಗ ಹೊಟ್ಟೆ ಮುಂದೆ ಬರಬೇಕು, ನನ್ನದು ಒಳಗೆ ಓಡುತ್ತಿತ್ತು. ಜನ್ಮವಿಡೀ ತಿರುವುಮುರುವಾಗಿ ಉಸಿರಾಡಿದ್ದೇನೆ! ಎದೆಗೂ ಹೊಟ್ಟೆಗೂ ನಡುವೆ ಛತ್ರಿಯಂಥ ಪರದೆ ಇರುತ್ತದೆ, ವಪೆ ಎಂದು ಹೆಸರು. ಹೈಸ್ಕೂಲಿನಲ್ಲಿ ಅದರ ಚಿತ್ರ ಬರೆದು ಹತ್ತಕ್ಕೆ ಹತ್ತು ತೆಗೆದುಕೊಂಡಿದ್ದೆ. ಪುಸ್ತಕದಲ್ಲಿದ್ದದ್ದು ನನ್ನ ಹೊಟ್ಟೆಯೊಳಗೂ ಇದೆ ಎಂದು ತಿಳಿಯಲು ನನಗೆ ಅರವತ್ತಮೂರು ತುಂಬಬೇಕಾಯಿತು.

ಮಾಡುವುದು ಹೇಗೆ ಎಂದು ಹೇಳುತ್ತೇನೆ, ಹೇಳಿದ ಹಾಗೇ ಮಾಡು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಚಾಪೆಯ ಮೇಲೆ ಮೊಣಕಾಲು ಮಡಚಿ ಮಲಗು. ಸೊಂಟದ ಗಂಟು ಸಡಿಲ ಮಾಡು, ನಮ್ಮ ಹೆಂಗಸರು ಅದನ್ನು ಉರುಳಿನ ಹಾಗೆ ಬಿಗಿಯುತ್ತಾರೆ. ಒಂದು ಕೈ ಎದೆಯ ಮೇಲೆ, ಒಂದು ಕೈ ಹೊಕ್ಕುಳಿನ ಮೇಲೆ. ಮೂಗಿನಲ್ಲಿ ಮೆಲ್ಲಗೆ ಎಳೆಯುತ್ತಾ ನಾಲ್ಕು ಎಣಿಸು. ಕೆಳಗಿನ ಕೈ ಏಳಬೇಕು, ಮೇಲಿನ ಕೈ ನಿದ್ದೆ ಮಾಡುತ್ತಿರಬೇಕು. ಬಿಡುವಾಗ ಆರು ಎಣಿಸು, ಬಿಸಿ ಹಾಲನ್ನು ಆರಿಸುವಷ್ಟು ಮೆತ್ತಗೆ. ಮಧ್ಯದಲ್ಲಿ ಹಿಡಿಯಬೇಡ, ಬಲವಂತ ಬೇಡ. ತಲೆ ಹಗುರಾದರೆ ನಿಲ್ಲಿಸಿ ಮಾಮೂಲಿಯಾಗಿ ಉಸಿರಾಡು. ಐದು ನಿಮಿಷ ಸಾಕು. ಮೊದಲ ವಾರ ನನಗೆ ಆಕಳಿಕೆ ಬಿಟ್ಟು ಬೇರೇನೂ ಬರಲಿಲ್ಲ. ಎರಡನೇ ವಾರ ಭುಜ ಕಿವಿಯಿಂದ ಕೆಳಗಿಳಿದವು. ಒಂದು ತಿಂಗಳಾಗುವಷ್ಟರಲ್ಲಿ, ಸದಾ ತಣ್ಣಗಿರುತ್ತಿದ್ದ ನನ್ನ ಕೈಬೆರಳು ಬೆಚ್ಚಗಾದವು. ಅಳತೆ ತೆಗೆಯುವಾಗ ಗಿರಾಕಿಗಳು ಬೆಚ್ಚಿ ಹಾರುವುದು ನಿಂತಿತು. ನಾಡಿ ನಿಧಾನವಾಗಿದೆ, ಕುತ್ತಿಗೆ ತಿರುಗುತ್ತದೆ. ಒತ್ತಡ ಇಳಿದಿದೆ, ಮಾತ್ರೆ ಬಿಟ್ಟಿಲ್ಲ, ಬಿಡುವುದೂ ಇಲ್ಲ. ನಿನಗೂ ಎದೆಯಲ್ಲಿ ನೋವು ಕಾಣಿಸಿದರೆ ಇದನ್ನು ನೆಚ್ಚಿಕೊಂಡು ಕೂರದೆ ಡಾಕ್ಟರ ಹತ್ತಿರ ಹೋಗು.

ಕಷ್ಟವಾದದ್ದು ಮೇಜಿನ ಮುಂದೆ. ಮಲಗಿ ಉಸಿರಾಡುವುದು ಮಕ್ಕಳಾಟ, ಕತ್ತರಿ ಹಿಡಿದ ಕೂಡಲೇ ಹಳೆಯ ಚಾಳಿ ಗಂಟಲಿಗೆ ಬಂದು ಕೂರುತ್ತಿತ್ತು. ಹಳೆಯ ಪತ್ರಿಕೆಗಳ ಮೇಲೆ ಗೆರೆ ಎಳೆದು, ಉಸಿರು ಬಿಡುತ್ತಾ ಬಿಡುತ್ತಾ ಕತ್ತರಿಸುವುದನ್ನು ಹೊಸದಾಗಿ ಕಲಿತೆ, ಮೊದಲ ದಿನದ ಶಿಷ್ಯೆಯ ಹಾಗೆ. ಎಷ್ಟು ಪತ್ರಿಕೆ ಹಾಳಾದವೋ! ನಿನ್ನ ತಮ್ಮ ಅದನ್ನೂ ಬಿಡಲಿಲ್ಲ. "ಅಮ್ಮ ಮೂರು ಕೋಟು ಪತ್ರಿಕೆಯಲ್ಲೇ ಹೊಲಿದಿದ್ದಾಳೆ, ಮಳೆ ಬಂದರೆ ಹಾಕೋ ಹಾಗಿಲ್ಲ" ಎಂದು ಬಂದವರಿಗೆಲ್ಲ ಹೇಳಿದ. ಈಗ ನೋಡು, ಉಸಿರಾಡುವ ಕೈಯೇ ನೆಟ್ಟಗಿರುತ್ತದೆ. ಹಿಡಿದಾಗಲೇ ಅದು ನಡುಗುತ್ತಿದ್ದದ್ದು. ನಮ್ಮ ಸೋದರತ್ತೆ ತಪ್ಪು ಕಲಿಸಿದಳು, ನಾನು ಆ ತಪ್ಪನ್ನೇ ಇಸ್ತ್ರಿ ಮಾಡಿ ನಿನಗೆ ಕೊಟ್ಟೆ.

ನಿನಗೆ ಬರೀ ಚಾಳಿಯಲ್ಲ, ಭಯವೂ ಇದೆ ಎಂದು ಬಲ್ಲೆ. ಮೂರು ವರ್ಷದ ಹಿಂದೆ ಸಂಗೀತದ ಮೇಷ್ಟ್ರ ಆ ಬೂದು ಬಣ್ಣದ ಕೋಟಿನ ತೋಳು ಎರಡು ಇಂಚು ಗಿಡ್ಡವಾದ ದಿನ, ಅವರ ಮುಂದೆ, ನಮ್ಮ ಅಂಗಡಿ ತುಂಬ ಇದ್ದ ಗಿರಾಕಿಗಳ ಮುಂದೆ, "ಈ ಕೈಗೆ ಕತ್ತರಿ ಯಾಕೆ, ಪೊರಕೆ ಸಾಕು" ಎಂದೆ. ನೀನು ಕತ್ತರಿಯನ್ನು ಮೇಜಿನ ಮೇಲೆ ಮೆಲ್ಲಗಿಟ್ಟು ಹೊರಟುಹೋದೆ. ಆವತ್ತಿನಿಂದ ಪ್ರತಿ ಬಟ್ಟೆಯ ಮೇಲೂ ನೀನು ಇನ್ನಷ್ಟು ಬಿಗಿಯಾಗಿ ಉಸಿರು ಹಿಡಿದಿರುತ್ತೀಯ. ಆ ಮಾತನ್ನು ನಾನು ಆಡಬಾರದಿತ್ತು. ಇದನ್ನು ಬರೆಯುವ ಮುಂಚೆ ನಾಲ್ಕು ಎಣಿಸಿ ಎಳೆದು, ಆರು ಎಣಿಸಿ ಬಿಟ್ಟೆ. ಆದರೂ ಪೆನ್ನು ಮುಂದೆ ಹೋಗಲು ಹೊತ್ತು ಹಿಡಿಯಿತು.

ಅಳಿಯಂದಿರಿಗೆ ನಾನು ಕೇಳಿದೆ ಎಂದು ಹೇಳು. ಮೊಮ್ಮಗಳ ಕೆನ್ನೆಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು. ನಿನ್ನ ಕೈ ತಣ್ಣಗಾಗದಿರಲಿ, ನಿನ್ನ ಮೇಜು ಖಾಲಿಯಾಗದಿರಲಿ.

ಇಂತಿ,
ನಿನ್ನ ಅಮ್ಮ

ಮರೆತಿದ್ದು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆ ತೋಳು ಗಿಡ್ಡವಾದದ್ದು ನಿನ್ನ ಕತ್ತರಿಯಿಂದಲ್ಲ. ಸೀಮೆಸುಣ್ಣದ ಗೆರೆ ಎಳೆದವಳು ನಾನು, ಆ ಗೆರೆಯೇ ತಪ್ಪಾಗಿತ್ತು. ನೀನು ಆ ಗೆರೆಯ ಮೇಲೆ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕತ್ತರಿಸಿದ್ದೆ. ಮರುದಿನ ತುಂಡುಗಳನ್ನು ಜೋಡಿಸಿ ಅಳೆದಾಗಲೇ ಗೊತ್ತಾಯಿತು. ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ನಿನ್ನೆ ಸಂಗೀತದ ಮೇಷ್ಟ್ರಿಗೆ ಹೇಳಿ ಕಳಿಸಿ ಕರೆಸಿದೆ, ಅಂಗಡಿ ತುಂಬಿದ್ದಾಗಲೇ ನಿಂತು ತಪ್ಪು ನನ್ನದೆಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅವರು ಎದ್ದು ಹೋದರು. ಸಂಜೆ ಮತ್ತೆ ಬಂದು ಅದೇ ಬೂದು ಬಣ್ಣದ ಹೊಸ ಬಟ್ಟೆ ಮೇಜಿನ ಮೇಲಿಟ್ಟು, "ನಿಮ್ಮ ಮಗಳೇ ಕತ್ತರಿಸಲಿ, ಎಷ್ಟು ದಿನವಾದರೂ ಕಾಯುತ್ತೇನೆ" ಎಂದರು. ಭಾನುವಾರ ಬೆಳಗಿನ ಬಸ್ಸಿಗೆ ಆ ಬಟ್ಟೆ ತರುತ್ತಿದ್ದೇನೆ. ಗೆರೆಯನ್ನೂ ನೀನೇ ಎಳೆ.