ಹದಿನೇಳು ಶಾಲು, ಒಂದು ಪಾಠ

ನಂಗವಳ್ಳಿ
11-3-2025

ಮಗಳೇ ಸುಗುಣಾ,

ಫೆಬ್ರವರಿ ಹದಿನಾಲ್ಕರ ಮಧ್ಯಾಹ್ನ ಸೇಲಂನಲ್ಲಿ ನಿಮಗೆ ಕಲಿಸಬೇಕಿದ್ದ ಒಂದು ಪಾಠವನ್ನು ಹದಿನೇಳು ಶಾಲುಗಳು ನುಂಗಿದವು. ಫೋನ್ ಮಾಡಿದರೆ 'ಅಪ್ಪಾ, ಡ್ಯೂಟಿಲಿದ್ದೀನಿ' ಎಂದು ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ. ತಮಿಳಿನಲ್ಲಿ ಬರೆದರೆ ನಿನ್ನ ವ್ಯಸನಮುಕ್ತಿ ಕೇಂದ್ರದವರೆಲ್ಲ ಓದುತ್ತಾರೆ. ಕನ್ನಡವಾದರೆ ನೀನೊಬ್ಬಳೇ, ನಿಧಾನಕ್ಕಾದರೂ ಓದುತ್ತೀಯ.

ನೋವಿನ ಮಾತ್ರೆ ಕರಗಿಸಿ ಸೂಜಿಯಲ್ಲಿ ಏರಿಸಿಕೊಳ್ಳುವವರಿಗೆ ಚಿಕಿತ್ಸೆ ಕೊಡುವ ನರ್ಸ್‌ಗಳು, ಸಲಹೆಗಾರರು ನಲವತ್ತೊಂದು ಜನಕ್ಕೆ ಮೂರು ದಿನದ ತರಬೇತಿ. ಎರಡು ದಿನ ಚೆನ್ನಾಗಿಯೇ ನಡೆಯಿತು ಎಂದು ನೀನೇ ಅಂದೆ. ನಾಲಿಗೆಯಡಿ ಇಟ್ಟ ಔಷಧ ಕರಗುವತನಕ ಎದುರು ಕೂತು ನೋಡಬೇಕು, ರೋಗಿಯನ್ನು ಬೈಯಬಾರದು, ಎಲ್ಲ ಕಲಿತಿರಿ. ಮೂರನೆಯ ದಿನ ಎರಡು ಗಂಟೆಗೆ ಡಾಕ್ಟರ್ ಇಳಂಗೋ ಅವರ ಪಾಠವಿತ್ತು. ಕೆಲವು ವಾರ ಬಿಟ್ಟಿದ್ದವನಿಗೆ ಮೊದಲಿನ ತಾಳುವ ಶಕ್ತಿ ಇರುವುದಿಲ್ಲ, ಹಳೆಯ ಅಳತೆಯಲ್ಲೇ ಏರಿಸಿಕೊಂಡರೆ ಉಸಿರು ನಿಲ್ಲುತ್ತದೆ, ಆದ್ದರಿಂದ ಬಿಟ್ಟು ಬಂದವನನ್ನೇ ಹೆಚ್ಚು ಹುಷಾರಾಗಿ ನೋಡಬೇಕು ಎಂಬ ಪಾಠ. ಆ ಹೊತ್ತಿನಲ್ಲಿ ಸಮಾರೋಪ ನಡೆಯಿತು. ತರಬೇತಿ ನಡೆಸಿದ ಸಂಘದ ಕಾರ್ಯದರ್ಶಿ ಕುಪ್ಪಸ್ವಾಮಿ ಒಬ್ಬೊಬ್ಬರನ್ನೇ ಕರೆದು ಶಾಲು ಹೊದಿಸಿದರು. ಹೊದಿಸಿಕೊಂಡವರಲ್ಲಿ ಕೆಲವರು ತಿರುಗಿ ಅವರಿಗೇ ಹೊದಿಸಿದರು. ಟೀ ಬಂತು. ಡಾಕ್ಟರು ತಮ್ಮ ಕ್ಲಾಸಿನ ಮಾತೆತ್ತಿದರೆ, "ಪಿಡಿಎಫ್ ಅನುಪ್ಪಿಡುಂಗ ಸಾರ್" ಅಂದರು ಕುಪ್ಪಸ್ವಾಮಿ, ವಾಟ್ಸಾಪಿನಲ್ಲಿ ಕಳಿಸಿಬಿಡಿ ಎಂದು. ಕಳಿಸಿದರಂತೆ. ಎಷ್ಟು ಜನ ತೆರೆದು ನೋಡಿದಿರಿ? ನಲವತ್ತೊಂದು ಸರ್ಟಿಫಿಕೇಟಿನಲ್ಲೂ 'ಎಲ್ಲ ಪಾಠಗಳನ್ನು ಪೂರೈಸಿದ್ದಾರೆ' ಎಂದು ಅಚ್ಚಾಗಿದೆ.

ಇದೇನು ಹೊಸದಲ್ಲ. ತೊಂಬತ್ತೊಂದರಲ್ಲಿ ಪಾಲಮಲೆ ಬೆಟ್ಟದ ಕುರಿಗಳಿಗೆ ಲಸಿಕೆ ತಂದಿದ್ದರು. ಹಾರ, ಭಾಷಣ ಮುಗಿಯುವಷ್ಟರಲ್ಲಿ ಡಬ್ಬದ ಐಸು ನೀರಾಗಿತ್ತು. ಕೆಟ್ಟ ಲಸಿಕೆಯನ್ನೇ ಚುಚ್ಚಿ ಇಳಿದು ಹೋದರು. ಆ ಸಲ ನಮ್ಮ ಮಾದಪ್ಪನ ಮಂದೆಯಲ್ಲಿ ಉಳಿದದ್ದು ಆರು. ನಾನು ಅರ್ಜಿ ಬರೆದೆ. ಲೈಬ್ರರಿ ನೋಡಿಕೊಂಡು ಕೂತವನಿಗೆ ಬೇರೆ ಕೆಲಸವಿಲ್ಲ ಅಂದರು.

ಈಗ ಬಾಲಾಜಿಯ ವಿಷಯ. ನಮ್ಮ ಬೀದಿಯ ಎಲ್ಲಮ್ಮನ ಮಗ, ಮಗ್ಗದ ಕೆಲಸದವನು, ಬೆಟ್ಟದ ಮೇಲೆ ಅಜ್ಜಿಯ ಕುರಿ ಕಾಯುತ್ತ ಮೂರು ವಾರ ಸೂಜಿ ಮುಟ್ಟದೆ ಇದ್ದ. ಮಾರ್ಚ್ ಮೂರಕ್ಕೆ ಎಲ್ಲಮ್ಮ ಅವನನ್ನು ನಿನ್ನ ಕೇಂದ್ರಕ್ಕೇ ಕರೆತಂದಳು, ನೀನಿದ್ದೀಯ ಎಂಬ ಧೈರ್ಯಕ್ಕೆ. ನೀನು ಡಾಕ್ಟರಿಗೂ ತೋರಿಸದೆ ಬೆನ್ನು ತಟ್ಟಿ, ನೀನಾಗೇ ಬಿಟ್ಟಿದ್ದೀಯಲ್ಲ, ನಿನಗೆ ಔಷಧ ಯಾಕೆ ಎಂದು ಕಳಿಸಿದೆ. ಗುರುವಾರ ಅವನು ಹಳೆಯ ಅಳತೆಯಲ್ಲೇ ಏರಿಸಿಕೊಂಡ. ದೊಡ್ಡಿಯ ಹಿಂದೆ ಬಿದ್ದಿದ್ದವನನ್ನು ಎಲ್ಲಮ್ಮ ಎಬ್ಬಿಸಲು ಹೋದರೆ ತುಟಿ ನೀಲಿ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಉಸಿರು ತಂದರು.

ಮೊನ್ನೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಎಲ್ಲಮ್ಮ ಕೇಳಿದಳು: "ಅಣ್ಣೋ, ನಿನ್ ಮಗ್ಳು ಸರ್ಟಿಫಿಕೇಟ್‌ನ ಗ್ವಾಡೆಗೆ ತಗಲಾಕವ್ಳೆ, ನೋಡ್ದೆ. ಚೆಂದಾಗೈತೆ. ನನ್ ಮಗನ್ಗೆ ಉಸ್ರು ನಿಂತ್ರೆ ಅದ್ನ ಮೂಗಿನ ತಾವ ಇಡದಾ, ಇಲ್ಲ ತಲೆ ಕೆಳೀಕಾ?"

ಕಾಫಿ ತರುತ್ತೇನೆಂದು ನಾನು ಎದ್ದೆ.

"ಓಗಣ್ಣ ಓಗು. ನಿಮ್ ಮನೇವ್ರಿಗೆ ಎದ್ ಓಗಾಕ್ ಚೆನ್ನಾಗ್ ಬತ್ತೈತೆ" ಅಂದಳು.

ಕೇಂದ್ರದ ಹೆಸರು ಕೆಡುತ್ತದೆ, ಅರ್ಜಿ ಗಿರ್ಜಿ ಬೇಡ ಎನ್ನುತ್ತೀಯ. ಈ ಶುಕ್ರವಾರ ಬಾಲಾಜಿಯನ್ನು ಮನೆಗೆ ಕಳಿಸುತ್ತಾರೆ. ಅಷ್ಟು ಹೊತ್ತಿಗೆ ಮತ್ತೆ ಎಂಟು ದಿನ ಮುಟ್ಟದೆ ಇದ್ದ ಹಾಗಾಯಿತು, ಅಪಾಯ ಅಲ್ಲೇ ಇದೆ. ಅವತ್ತೇ ನೀನು ಬಂದು ಅವನನ್ನು ನಿಮ್ಮ ಡಾಕ್ಟರ ಮುಂದೆ ಕೂರಿಸು, ಔಷಧದ ವಿಚಾರ ಅವರು ತೀರ್ಮಾನಿಸಲಿ. ಅವನು ಎಚ್ಚರವಾಗದಿದ್ದರೆ ಏನು ಮಾಡಬೇಕೆಂದು ಎಲ್ಲಮ್ಮನಿಗೂ ಹೇಳಿಕೊಡು. ಅವರು ಕಲಿಸದೆ ಹೋದದ್ದು ನಿನ್ನ ತಪ್ಪಲ್ಲ. ಕಲಿತಿಲ್ಲವೆಂದು ಗೊತ್ತಿದ್ದೂ ಸರ್ಟಿಫಿಕೇಟಿಗೆ ಮೊಳೆ ಹೊಡೆದದ್ದು ನಿನ್ನದೇ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಸಿಟ್ಟು ಇಳಿಯದ ನಿನ್ನ ಅಪ್ಪ,
ಸುಬ್ಬರಾಯಪ್ಪ

ಮ.ಮಾ.: ಇಷ್ಟು ಓದಿ ನೀನು ಏನೆನ್ನುತ್ತೀಯ, ನನಗೆ ಗೊತ್ತು. ಹದಿನಾಲ್ಕನೆಯ ಶಾಲು ನನ್ನದು. ಹಿರಿಯ ನಾಗರಿಕನೆಂದು ಮೈಕು ಕೊಟ್ಟರು. ಸಾರಾಯಿ ಅಂಗಡಿಗಳ ವಿರುದ್ಧ ನಾನು ಹೋರಾಡಿದ್ದನ್ನೆಲ್ಲ ನಲವತ್ತು ನಿಮಿಷ ಹೇಳಿದೆ. ಇಳಂಗೋ ಎರಡು ಸಲ ಎದ್ದು ನಿಂತರು. 'ಒರು ನಿಮಿಷಂ ತಂಬಿ' ಎಂದು ಕೈ ಸನ್ನೆ ಮಾಡಿ ಕೂರಿಸಿದವನು ನಾನು. ನೀನು ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿದ್ದೆ. ಅಪ್ಪನ ಮಾತು ಕೇಳಿ ಕಣ್ಣು ತುಂಬಿತೇನೋ ಎಂದುಕೊಂಡೆ. ಎಲ್ಲಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ. ಕುಪ್ಪಸ್ವಾಮಿಗೆ ಇವತ್ತು ರಿಜಿಸ್ಟರ್ ಪೋಸ್ಟ್ ಹಾಕಿದ್ದೇನೆ. ಬರುವ ಭಾನುವಾರ ಅದೇ ಹಾಲಿನಲ್ಲಿ ನಲವತ್ತೊಂದು ಜನರನ್ನೂ ಮತ್ತೆ ಕೂರಿಸಿ ಆ ಪಾಠ ಮಾಡಿಸಬೇಕು. ಅದಕ್ಕೂ ಮೊದಲು, ಆ ಗಂಟೆಯನ್ನು ಯಾರು ಯಾರು ತಿಂದರೆಂದು ಎಲ್ಲಮ್ಮನ ಎದುರು ಮೈಕಿನಲ್ಲಿ ಓದಬೇಕು. ಪಟ್ಟಿಯನ್ನು ನಾನೇ ಕಳಿಸಿದ್ದೇನೆ, ಮೊದಲ ಹೆಸರು ನನ್ನದು. ಉಳಿದ ಹದಿನಾರು ಜನ ಏನು ಉತ್ತರ ಕೊಡುತ್ತಾರೋ, ಊರಿನ ಮುಂದೆ ಕೊಡಲಿ.