ಹಬೆಗೆ ಕರಗದ ಬಾಟಲಿಯ ಬಗ್ಗೆ

ಮಾನ್ಯ ಔಷಧ ತಪಾಸಣಾಧಿಕಾರಿಗಳೇ,

ಕಣ್ಣಾಸ್ಪತ್ರೆಯ ಹನಿಮದ್ದಿಗೆ ನಿಮ್ಮ ಕಚೇರಿ ಕೊಟ್ಟಿರುವ ಪ್ರಮಾಣಪತ್ರ ಸುಳ್ಳೆಂದು ನನಗೆ ಅನುಮಾನ. ಅನುಮಾನ ಎಂದದ್ದು ನಿಮ್ಮ ಕುರ್ಚಿಯ ಮರ್ಯಾದೆಗಾಗಿ.

ಮದ್ದು ತುಂಬುವ ಮುನ್ನ ಖಾಲಿ ಬಾಟಲಿಗಳನ್ನು ನೂರಿಪ್ಪತ್ತೊಂದು ಡಿಗ್ರಿ ಹಬೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು ಶುದ್ಧಿ ಮಾಡಲಾಗಿದೆ, "ಆಕಾರದಲ್ಲಿ ಬದಲಾವಣೆ ಇಲ್ಲ" ಎಂಬುದರ ಕೆಳಗೆ ನಿಮ್ಮ ಸಹಿಯಿದೆ. ಹತ್ತೊಂಬತ್ತು ವರ್ಷ ಈ ಬಾಟಲಿಗಳನ್ನೇ ಊದುವ ಯಂತ್ರದ ಮುಂದೆ ನಿಂತವನು ನಾನು; ಆ ಮೆತ್ತನೆಯ ಪ್ಲಾಸ್ಟಿಕ್ಕಿನ ಜಾತಕ ಬಲ್ಲೆ. ಅದರ ಅಣುಗಳ ಸರಪಳಿ ಪೊದೆಯಂತೆ ಕವಲೊಡೆದಿರುತ್ತದೆ, ಒತ್ತೊತ್ತಾಗಿ ಕೂರುವುದಿಲ್ಲ. ಅದಕ್ಕೇ ಹಿಂಡಿದರೆ ತಗ್ಗುತ್ತದೆ, ಬಿಟ್ಟರೆ ಉಬ್ಬುತ್ತದೆ. ಚೀಲ, ಕೊಳವೆ, ತಂತಿಯ ಹೊದಿಕೆ ಎಲ್ಲಕ್ಕೂ ಒದಗುತ್ತದೆ. ಆಮ್ಲಕ್ಕೂ ಜಗ್ಗದ ಈ ಪುಣ್ಯಾತ್ಮ ಬಿಸಿಗೆ ಮಾತ್ರ ಸೋಲುತ್ತಾನೆ. ನೂರಹತ್ತರ ಆಸುಪಾಸಿನಲ್ಲೇ ಕರಗಿಹೋಗುತ್ತಾನೆ. ಆದ್ದರಿಂದಲೇ ನಮ್ಮ ಪ್ರತಿ ಪೆಟ್ಟಿಗೆಯ ಮೇಲೂ "ಹಬೆ ಬೇಡ, ಅನಿಲದಿಂದ ಶುದ್ಧಿ ಮಾಡಿ" ಎಂದು ಬರೆದಿರುತ್ತೇವೆ. ಓದುವವರು ಯಾರು?

ನನ್ನ ಮಾತು ಬೇಡ. ಅದೇ ಬಾಟಲಿಯೊಂದನ್ನು ಮನೆಯ ಕುಕ್ಕರಿನಲ್ಲಿಟ್ಟೆ; ಅದರ ಹಬೆಯೂ ಹೆಚ್ಚುಕಮ್ಮಿ ಅಷ್ಟೇ ಬಿಸಿ. ಇಪ್ಪತ್ತು ನಿಮಿಷದ ಮೇಲೆ ಮುಚ್ಚಳ ತೆಗೆದರೆ ತಳಕ್ಕೆ ಅಂಟಿದ ಬಿಳಿ ಮುದ್ದೆ. "ಇನ್ಮೇಲೆ ಈ ಕುಕ್ಕರು ನಿಮ್ಮ ಫ್ಯಾಕ್ಟರಿಗೇ ತಗೊಂಡ್ಹೋಗಿ" ಎಂದು ಹೆಂಡತಿ ಸಿಡುಕಿದಳು. ಹಾಗಾದರೆ ಆಸ್ಪತ್ರೆಯ ಕಪಾಟಿನಲ್ಲಿ ನೆಟ್ಟಗೆ ನಿಂತಿರುವ ಬಾಟಲಿಗಳು ಯಾವ ಹಬೆ ಕಂಡಿವೆ? ಗಾಜಿನ ಬಾಟಲಿಯ ಹಳೇ ಪ್ರಮಾಣಪತ್ರಕ್ಕೆ ಹೊಸ ತಾರೀಕು ಹಾಕಿದಿರೋ, ಇಲ್ಲ ಪರೀಕ್ಷೆಯೇ ನಡೆಯಲಿಲ್ಲವೋ?

ನಿಮ್ಮ ಗುಮಾಸ್ತರನ್ನು ಕೇಳಿದೆ. "ಕಾಗದ ಎಲ್ಲಾ ಸರಿಯಾಗೇ ಇದೆಯಲ್ರೀ, ನಿಮಗೇನು ತೊಂದ್ರೆ?" ಎಂದರು.

ತೊಂದರೆ ನನ್ನ ಅಕ್ಕನಿಗೆ. ಬಟ್ಟೆ ಹೊಲಿದು ನನ್ನನ್ನು ಸಾಕಿದವಳು. ಪೊರೆ ತೆಗೆಸಿಕೊಂಡ ಬಲಗಣ್ಣಿಗೆ ಈ ಮದ್ದನ್ನು ಬಿಟ್ಟುಕೊಂಡ ನಾಲ್ಕನೇ ದಿನ ಕೀವು ತುಂಬಿತು; ಆ ಕಣ್ಣು ಹೋಯಿತು. ಮದ್ದೇ ಕಾರಣವೆಂದು ನಾನು ಆಣೆ ಮಾಡಲಾರೆ. ಅಲ್ಲವೆಂದು ನೀವು ಮಾಡಬಲ್ಲಿರಾ? ಬರುವ ಗುರುವಾರ ಎಡಗಣ್ಣಿನ ಸರದಿ. ಮದ್ದು ಅದೇ, ಬ್ಯಾಚ್ ನಂಬರೂ ಅದೇ.

ಬುಧವಾರದೊಳಗೆ ಆ ಬ್ಯಾಚಿನ ಮದ್ದನ್ನೆಲ್ಲ ಹಿಂದಕ್ಕೆ ತರಿಸಿ, ಪರೀಕ್ಷೆಯನ್ನು ಎಲ್ಲರೆದುರು ಮಾಡಿಸಿ. ನಿನ್ನೆ ಅಕ್ಕ ಬಾಟಲಿಯನ್ನು ಬೆರಳಿನಲ್ಲಿ ಸವರುತ್ತಾ, "ಇದು ನಿನ್ನ ಮಿಷನ್ನಿಂದೇ ಅಲ್ವೇನೋ? ಹಾಗಿದ್ರೆ ನಂಗೇನೂ ಭಯ ಇಲ್ಲ ಬಿಡು" ಎಂದಳು.

ಇಂತಿ,
ಅವಳಿಗೆ ಹೌದೆಂದು ಹೇಳಿ ಬಂದ
ಬಾಟಲಿ ಊದುವವನು