ಸಂಕಟಕ್ಕೆ ಚೌಕವಿಲ್ಲದ ಪ್ರಶ್ನಾವಳಿ

ದೊಡ್ಡಾಸ್ಪತ್ರೆಯ ಸಂಶೋಧನಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ನಿಮ್ಮ ಪ್ರಶ್ನಾವಳಿಯ ಹನ್ನೊಂದನೇ ಪ್ರಶ್ನೆ ತಪ್ಪು. ಜನ ಕೊಟ್ಟ ಉತ್ತರ ತಪ್ಪಲ್ಲ, ನೀವು ಕೇಳಿದ ಪ್ರಶ್ನೆಯೇ ತಪ್ಪು. ಅದನ್ನು ಆರುನೂರ ನಲವತ್ತು ಜನರಿಗೆ ಕೇಳಿ ಉತ್ತರ ಬರೆದುಕೊಂಡಿದ್ದೀರಿ. ಅವರಲ್ಲಿ ನನ್ನ ತಮ್ಮ ಒಬ್ಬ. ಅವನ ವಿಷಯದಲ್ಲಿ ಹೊತ್ತು ಮೀರಿತು. ಉಳಿದವರನ್ನಾದರೂ ವಾಪಸು ಕರೆಸಿ, ಮನುಷ್ಯರು ಆಡುವ ಮಾತಿನಲ್ಲಿ ಇನ್ನೊಮ್ಮೆ ಕೇಳಿ ಎಂದು ನಿಮಗೆ ಎರಡು ಸಲ ಬರೆದೆ. ಮೊದಲ ಪತ್ರಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ಬಂದದ್ದು ಬಾರದೇ ಇದ್ದಿದ್ದರೆ ಚೆನ್ನಾಗಿತ್ತು. ಅದಕ್ಕೇ ಈ ಮೂರನೆಯದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು, ಐವತ್ತೆಂಟು ವರ್ಷ ಹೊಲಿಗೆ ಯಂತ್ರ ತುಳಿದವಳು. ಕಾಗುಣಿತ ತಪ್ಪಿದ್ದರೆ ತಿದ್ದಿಕೊಂಡು ಓದಿ. ತಿದ್ದುವುದು ಹೇಗೆಂದು ನಿಮಗೂ ಅಭ್ಯಾಸವಾದೀತು.

ನನ್ನ ತಮ್ಮ ಬಡಗಿ. ವಯಸ್ಸು ಅರವತ್ತೊಂದು. ಇಪ್ಪತ್ತು ತುಂಬುವ ಮೊದಲೇ ಎಡಗೈ ತೋರುಬೆರಳಿನ ಅರ್ಧವನ್ನು ಗರಗಸಕ್ಕೆ ಕೊಟ್ಟ. ಅಂದಿನಿಂದ ಮರದ ಅಂಗಡಿಯವರೆಲ್ಲ ಅವನನ್ನು ‘ಒಂಬತ್ತೂವರೆ’ ಎಂದೇ ಕರೆಯುವುದು. ಅವನೂ ಓಗೊಡುತ್ತಾನೆ. ಕಳೆದ ವರ್ಷ ಅವನಿಗೆ ಇದ್ದಕ್ಕಿದ್ದಂತೆ ಸಕ್ಕರೆ ಕಾಯಿಲೆ ಬಂತು. ನಮ್ಮ ಮನೆಯಲ್ಲಿ ಹಿಂದೆ ಮುಂದೆ ಯಾರಿಗೂ ಇಲ್ಲ. ನಮ್ಮ ಬೀದಿಯ ಡಾಕ್ಟರು, “ಐವತ್ತು ದಾಟಿದ ಮೇಲೆ ಹೀಗೆ ಹೊಸದಾಗಿ ಸಕ್ಕರೆ ಬಂದವರ ಮೇಲೆ ದೊಡ್ಡಾಸ್ಪತ್ರೆಯವರು ಒಂದು ಅಧ್ಯಯನ ಮಾಡ್ತಿದ್ದಾರೆ, ಸೇರ್ಕೊಳ್ಳಿ” ಎಂದರು. ನೂರಕ್ಕೆ ತೊಂಬತ್ತೊಂಬತ್ತು ಜನರಿಗೆ ಅದು ಬರೀ ಸಕ್ಕರೆಯಂತೆ. ಎಲ್ಲೋ ಒಬ್ಬರಿಗೆ ಮಾತ್ರ ಅದು ಹೊಗೆ, ಬೆಂಕಿ ಹೊಟ್ಟೆಯ ಹಿಂದೆ ಮೇದೋಜೀರಕ ಗ್ರಂಥಿಯಲ್ಲಿ ಹತ್ತಿಕೊಂಡಿರುತ್ತದಂತೆ. ಆ ಕ್ಯಾನ್ಸರು ಬಲು ಕಳ್ಳ, ಕಣ್ಣಿಗೆ ಬೀಳುವಷ್ಟರಲ್ಲಿ ಮನೆಯೆಲ್ಲ ದೋಚಿರುತ್ತದೆ, ಅದನ್ನು ಬಾಗಿಲಲ್ಲೇ ಹಿಡಿಯುವುದಕ್ಕೆ ಈ ಅಧ್ಯಯನ ಎಂದರು. ಒಳ್ಳೆಯ ಕೆಲಸ. ಈಗಲೂ ಹೇಳುತ್ತೇನೆ, ಒಳ್ಳೆಯ ಕೆಲಸವೇ. ಕೆಲಸದ ಮೇಲೆ ನನಗೆ ಸಿಟ್ಟಿಲ್ಲ.

ಒಪ್ಪಿಗೆ ಪತ್ರ ಒಂಬತ್ತು ಪುಟ ಇತ್ತು. ಅದನ್ನು ಬರೆದ ಮಹಾನುಭಾವರು ಜೀವಮಾನದಲ್ಲಿ ಒಂದು ಸಲವಾದರೂ ಯಾರ ಜೊತೆಗಾದರೂ ಮಾತಾಡಿದ್ದಾರೋ ಇಲ್ಲವೋ ಎಂದು ನನಗೆ ಅನುಮಾನ. ತಮ್ಮ ಒಂದೊಂದೇ ಅಕ್ಷರ ಕೂಡಿಸಿ ಓದಿ ನನ್ನ ಕಡೆ ತಿರುಗಿದ.

“ಅಕ್ಕಾ, ಇದೇನೇ ಮೇದೋ ಜೀರಕ? ಜೀರಿಗೆ ಡಬ್ಬೀನಾ?”

“ಸುಮ್ನಿರೋ. ಹೊಟ್ಟೆ ಒಳಗೆ ಇರೋದಂತೆ.”

“ನನ್ನ ಹೊಟ್ಟೇಲಿ ಜೀರಿಗೆ ಬೆಳೀತಿದ್ಯಾ? ಹಾಗಾದ್ರೆ ಮರಕ್ಕೆ ರಂದ ಹೊಡೆಯೋದು ಬಿಟ್ಟು ದಿನಸಿ ಅಂಗಡಿ ಇಡ್ತೀನಿ.”

ನಗುತ್ತಲೇ ರುಜು ಹಾಕಿದ. ಆಮೇಲೆ ಮೂರನೇ ಮಹಡಿಯ ಕಿಟಕಿಯಿಲ್ಲದ ಕೋಣೆ. ಎದುರಿಗೆ ಪ್ರಶ್ನೆ ಕೇಳುವ ಸಾಹೇಬರು, ಕೈಯಲ್ಲಿ ಸ್ಲೇಟಿನಂಥ ಕಂಪ್ಯೂಟರು. ಹನ್ನೊಂದನೇ ಪ್ರಶ್ನೆ ಓದಿದರು: “ಕಳೆದ ಮೂರು ತಿಂಗಳಲ್ಲಿ ಉದರದ ಮೇಲ್ಭಾಗದಲ್ಲಿ ಅಥವಾ ಬೆನ್ನಿನಲ್ಲಿ ನೋವು ಕಾಣಿಸಿಕೊಂಡಿದೆಯೇ?”

“ನೋವಾ? ನೋವೇನಿಲ್ಲ ಸಾರ್. ಊಟ ಆದ್ಮೇಲೆ ಒಂಥರಾ ಸಂಕಟ. ಒಳಗೆ ಯಾರೋ ಬಟ್ಟೆ ಹಿಂಡಿದ ಹಾಗೆ. ಮುಂದಕ್ಕೆ ಬಗ್ಗಿ ಕೂತ್ರೆ ಸರಿ ಹೋಗುತ್ತೆ.”

“ಅಂದ್ರೆ ನೋವು ಇದೆ ಅಂತ ಹಾಕ್ಲಾ?”

“ಅಯ್ಯೋ, ಬೇಡಿ. ನೋವು ಅಂದ್ರೆ ಇದು.” ಅರ್ಧ ಬೆರಳು ಎತ್ತಿ ತೋರಿಸಿದ. “ಅದು ಬರೀ ಸಂಕಟ.”

“ಸಂಕಟಕ್ಕೆ ಇಲ್ಲಿ ಚೌಕ ಇಲ್ಲ ಯಜಮಾನ್ರೇ. ‘ಹೌದು’, ‘ಇಲ್ಲ’, ಎರಡೇ ಇರೋದು.”

“ಹಾಗಾದ್ರೆ ‘ಇಲ್ಲ’ ಅಂತ್ಲೇ ಒತ್ಬಿಡಿ. ನಿಮಗ್ಯಾಕೆ ತೊಂದರೆ.”

ಒತ್ತಿದರು. ಹನ್ನೆರಡನೆಯದು ಇನ್ನೂ ಸೊಗಸು: “ಉದ್ದೇಶಪೂರ್ವಕವಲ್ಲದ ತೂಕ ಇಳಿಕೆ ಉಂಟಾಗಿದೆಯೇ?” ತಮ್ಮ ಹೇಳಿದ, “ಇಳಿದಿದ್ದೀನಿ ಸಾರ್. ಸಿಹಿ ಬಿಡು, ಊಟ ಕಮ್ಮಿ ಮಾಡು ಅಂತ ಡಾಕ್ಟ್ರೇ ಅಂದಿದ್ರಲ್ಲ.” ಅದಕ್ಕೂ ‘ಇಲ್ಲ’ ಬಿತ್ತು. ಅಂದರೆ ನಿಮ್ಮ ಲೆಕ್ಕದಲ್ಲಿ ಅವನು ಬೇಕೆಂದೇ ಸೊರಗಿದ. ಡಾಕ್ಟರು ಹೇಳುವುದಕ್ಕೆ ಎರಡು ತಿಂಗಳು ಮುಂಚೆಯೇ ನಾನು ಅವನ ಪ್ಯಾಂಟಿನ ಸೊಂಟ ಎರಡು ಇಂಚು ಹಿಡಿದಿದ್ದೆ. ಆಮೇಲೆ ಇನ್ನೆರಡು ಇಂಚು. ನನ್ನ ಅಳತೆ ಪುಸ್ತಕದಲ್ಲಿ ತಾರೀಕು ಸಮೇತ ಇದೆ. ನಿಮ್ಮ ಕಟ್ಟಡದಲ್ಲಿ ಅಷ್ಟೊಂದು ಯಂತ್ರಗಳಿವೆ, ಒಂದು ಅಳತೆ ಟೇಪು ಇಲ್ಲವೇ?

ಆ ಎರಡು ಉತ್ತರಗಳಲ್ಲಿ ಒಂದು ‘ಹೌದು’ ಆಗಿದ್ದರೂ ಅದೇ ವಾರ ಹೊಟ್ಟೆಯ ಸ್ಕ್ಯಾನ್ ಮಾಡಿಸುವುದು ನಿಮ್ಮ ನಿಯಮವಂತೆ. ಎರಡೂ ‘ಇಲ್ಲ’ ಆದರೆ ಮೂರು ತಿಂಗಳು ಬಿಟ್ಟು ಬನ್ನಿ. ಹೋದ, ಬಂದ. ಮತ್ತೆ ಹೋದ, ಮತ್ತೆ ಬಂದ. ಮೂರು ಸಲವೂ ಸಂಕಟ ಎಂದ, ಮೂರು ಸಲವೂ ‘ಇಲ್ಲ’ ಎಂದು ಬಿತ್ತು. ಮೂರು ಸಲವೂ ಎರಡೆರಡು ಸೀಸೆ ರಕ್ತ ತೆಗೆದುಕೊಂಡಿರಿ. ಅದನ್ನು ಪರೀಕ್ಷೆ ಮಾಡುವುದು ಅಧ್ಯಯನ ಮುಗಿದ ಮೇಲಂತೆ, ಅಲ್ಲಿಯವರೆಗೆ ಶೀತಲ ಪೆಟ್ಟಿಗೆಯಲ್ಲಿ ಇಟ್ಟಿರುತ್ತೀರಂತೆ. ಭೇಷ್! ಅವನ ರಕ್ತಕ್ಕೆ ವರ್ಷಗಟ್ಟಲೆ ತಣ್ಣಗೆ ಮಲಗಲು ಜಾಗವಿದೆ. ಅವನ ಬಾಯಿಂದ ಬಂದ ಒಂದು ಮಾತಿಗೆ ಉಗುರಿನಷ್ಟು ಚೌಕವಿಲ್ಲ.

ಒಂಬತ್ತನೇ ತಿಂಗಳಲ್ಲಿ ಅವನ ಕಣ್ಣು ಹಳದಿಯಾಯಿತು. ಕಾಮಾಲೆ ಇರಬೇಕು ಎಂದು ಓಡಿದೆವು. ಆಗ ಸ್ಕ್ಯಾನ್ ಆಯಿತು. ಗಡ್ಡೆ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡಿದೆ, ಕತ್ತರಿ ಹಾಕುವ ಹಾಗಿಲ್ಲ ಎಂದು ಶಸ್ತ್ರಚಿಕಿತ್ಸೆಯ ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಬಟ್ಟೆಯಾದರೆ ಎಲ್ಲಿ ಕತ್ತರಿಸಬಾರದು ಎಂದು ನನಗೆ ಗೊತ್ತು, ಅವರು ಹೇಳಿದ್ದು ಅರ್ಥವಾಯಿತು. “ಆರು ತಿಂಗಳ ಹಿಂದೆ ಬಂದಿದ್ರೆ?” ಎಂದೆ. ಆ ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ. “ಗೊತ್ತಿಲ್ಲಮ್ಮ. ಕೆಲವರಿಗೆ ಆಪರೇಷನ್ ಆಗುತ್ತೆ. ಇವರಿಗೆ ಆಗ್ತಿತ್ತು ಅಂತ ನಾನು ಹೇಗೆ ಹೇಳ್ಲಿ?” ಎಂದರು. ಆದ್ದರಿಂದ ಮೊದಲೇ ಸಿಕ್ಕಿದ್ದರೆ ತಮ್ಮ ಗುಣವಾಗುತ್ತಿದ್ದ ಎಂದು ನಾನೂ ಬರೆಯುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಕೀಮೋ ನಡೆಯುತ್ತಿದೆ. ಮೊನ್ನೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದವನು ಕೇಳಿದ, “ಅಕ್ಕಾ, ನಾನು ಇಲ್ಲ ಅಂದಿದ್ದಕ್ಕೇ ಹೀಗಾಯ್ತಾ?” ಮಾನ್ಯರೇ, ಆ ಪ್ರಶ್ನೆಗೆ ಎಷ್ಟು ಚೌಕ ಇಟ್ಟಿದ್ದೀರಿ?

ಇನ್ನು ನಿಮ್ಮ ಪತ್ರ. “ಸದರಿ ವ್ಯಕ್ತಿಯು ನೀಡಿದ ಉತ್ತರಗಳನ್ನು ಯಥಾವತ್ತಾಗಿ ದಾಖಲಿಸಲಾಗಿದೆ. ದತ್ತಾಂಶವನ್ನು ಅಂತಿಮಗೊಳಿಸಲಾಗಿರುವುದರಿಂದ ಬದಲಾವಣೆಗೆ ಅವಕಾಶವಿರುವುದಿಲ್ಲ. ಅದೇ ಪ್ರಶ್ನಾವಳಿಯನ್ನು ಬರುವ ತಿಂಗಳಿನಿಂದ ಇನ್ನೂ ಮೂರು ಆಸ್ಪತ್ರೆಗಳಲ್ಲಿ ಬಳಸಲಾಗುವುದು.” ಯಥಾವತ್ತಾಗಿ! ಅರ್ಥ ಕೇಳಲು ನಾನು ಪಕ್ಕದ ಮನೆಯ ಮೇಷ್ಟ್ರ ಹತ್ತಿರ ಹೋದೆ. ಹೇಳಿದ್ದನ್ನು ಹೇಳಿದ ಹಾಗೆಯೇ ಎಂದರ್ಥ ಅಂದರು. ಅವನು ಹೇಳಿದ್ದು ಸಂಕಟ. ನೀವು ಬರೆದದ್ದು ‘ಇಲ್ಲ’. ಇದು ಯಥಾವತ್ತು ಆದರೆ, ಗಿರಾಕಿ ಕೋಟು ಕೇಳಿದಾಗ ನಾನು ದಿಂಬಿನ ಚೀಲ ಹೊಲಿದು ಕೊಟ್ಟು ಇದೇ ಯಥಾವತ್ತು ಎನ್ನಬಹುದು. ನನ್ನ ಅಂಗಡಿಯಲ್ಲಿ ಹಾಗೆ ಮಾಡಿದ್ದರೆ ಮುಖಕ್ಕೆ ಎಸೆದು ಹೋಗುತ್ತಿದ್ದರು. ನಿಮಗೆ ಮುಖಕ್ಕೆ ಎಸೆಯೋಣವೆಂದರೆ ಮೂರು ಬಾಗಿಲು, ಇಬ್ಬರು ಕಾವಲುಗಾರರು.

ಕೇಳುವ ವಿದ್ಯೆ ನಿಮಗೆ ಗೊತ್ತಿಲ್ಲದಿದ್ದರೆ ಒಬ್ಬ ದರ್ಜಿಯ ಹತ್ತಿರ ಕಲಿತುಕೊಳ್ಳಿ, ಮಾನ ಹೋಗುವುದಿಲ್ಲ. ಹೊಸ ಅಂಗಿ ಹಾಕಿಕೊಂಡು ನಿಂತವರನ್ನು “ಸರಿಯಾಗಿದೆಯಾ?” ಎಂದು ಕೇಳಿದರೆ ನೂರಕ್ಕೆ ನೂರು ಜನ ಸರಿಯಾಗಿದೆ ಎನ್ನುತ್ತಾರೆ. ಸಂಕೋಚ. ಹೊಲಿದವಳು ಎದುರಿಗೇ ನಿಂತಿದ್ದಾಳೆ, ಬೇಜಾರಾದೀತು ಅಂತ. ಮನೆಗೆ ಹೋದ ಮೇಲೆ ಬೈಯುತ್ತಾರೆ. ಅದಕ್ಕೇ ನಾನು ಹಾಗೆ ಕೇಳುವುದಿಲ್ಲ. ಕೈ ಎತ್ತಿ, ಕುಕ್ಕರಗಾಲಲ್ಲಿ ಕೂತು ಏಳಿ, ಎಲ್ಲಿ ಹಿಡಿಯುತ್ತೆ ತೋರಿಸಿ ಎನ್ನುತ್ತೇನೆ. ಆಗ ಕಂಕುಳಲ್ಲಿ ಹಿಡಿಯುತ್ತೆ ಅನ್ನುತ್ತಾರೆ. ನಮ್ಮ ಜನ ಹೊಟ್ಟೆಯ ವಿಷಯದಲ್ಲಿ ನೋವು ಎನ್ನುವುದಕ್ಕೆ ಮೊದಲು ಹತ್ತು ಮಾತು ಆಡುತ್ತಾರೆ. ಸಂಕಟ, ತೊಳಸು, ಕಿವುಚು, ಉರಿ, ಭಾರ, ಬಿಗಿತ, ಏನೋ ಒಂಥರಾ. ಈ ‘ಏನೋ ಒಂಥರಾ’ ಇದೆಯಲ್ಲ, ಅದರಲ್ಲಿ ಅರ್ಧ ಆಸ್ಪತ್ರೆ ಇದೆ. ಇಷ್ಟು ವರ್ಷ ಓದಿದ ನಿಮಗೆ ಇದು ತಿಳಿಯದೇ? ನಿಮ್ಮ ತಾಯಿ ಯಾವತ್ತೂ ‘ಏನೋ ಒಂಥರಾ’ ಎಂದು ಮಲಗಿಲ್ಲವೇ?

ಕೀಮೋ ಕೋಣೆಯೂ ನಿಮ್ಮ ಅಧ್ಯಯನದ ಕೋಣೆಯೂ ಒಂದೇ ಪಡಸಾಲೆಯಲ್ಲಿರುವುದರಿಂದ ನಾನು ಹೋದ ತಿಂಗಳು ಅಲ್ಲಿ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಒಬ್ಬಾಕೆ. ಅಂಚೆ ಇಲಾಖೆಯಲ್ಲಿ ಮೂವತ್ತು ವರ್ಷ ಕಾಗದ ಹಂಚಿ ನಿವೃತ್ತಿಯಾದವರು, ಹೊಸ ಸಕ್ಕರೆ, ಕೈಯಲ್ಲಿ ನಿಮ್ಮದೇ ನೀಲಿ ಕಡತ. ಪ್ರಶ್ನೆಗಳು ಆಗಲೇ ಮುಗಿದಿದ್ದವು.

“ಊಟ ಆದ್ಮೇಲೆ ಹೇಗಿರುತ್ತೆ ನಿಮಗೆ?” ಎಂದೆ.

“ಚೆನ್ನಾಗೇ ಇದ್ದೀನಿ.”

“ಚೆನ್ನಾಗಿರೋದು ಕಾಣ್ತಿದೆ. ಕೂತ್ಕೋಬೇಕು ಅನ್ಸುತ್ತಾ, ಮಲಗ್ಬೇಕು ಅನ್ಸುತ್ತಾ?”

ಆಕೆ ನನ್ನ ಮುಖ ನೋಡಿದರು. “ನಿಮಗೆ ಹೇಗೆ ಗೊತ್ತಾಯ್ತು? ಮಲಗೋಕ್ಕೇ ಆಗಲ್ಲ. ದಿಂಬು ತಬ್ಬಿಕೊಂಡು ಬಗ್ಗಿ ಕೂರ್ತೀನಿ. ಬೆನ್ನಿಗೆಲ್ಲ ಸಂಕಟ ಹತ್ಕೊಳ್ಳುತ್ತೆ.”

“ಒಳಗೆ ಹೇಳಿದ್ರಾ?”

“ಅವರು ನೋವು ಇದ್ಯಾ ಅಂದ್ರು. ಇಲ್ಲ ಅಂದೆ.”

ನಾನು ಆಕೆಯ ಕೈ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದೆ. ಒತ್ತಿದ ಉತ್ತರ ಬದಲಾಯಿಸಲು ಬರುವುದಿಲ್ಲ ಎಂದು ಇಬ್ಬರನ್ನೂ ವಾಪಸು ಕಳಿಸಿದರು. ಅದಕ್ಕೆ ನೀವು ಕೊಟ್ಟ ಬಹುಮಾನ ಇನ್ನೊಂದು ಕಾಗದ. ನಾನು ‘ಭಾಗವಹಿಸುವವರ ಉತ್ತರಗಳ ಮೇಲೆ ಪ್ರಭಾವ ಬೀರುತ್ತಿರುವೆ’ನಂತೆ, ಇನ್ನು ಮುಂದೆ ಆ ಬೆಂಚಿನ ಮೇಲೆ ಕೂರಬಾರದಂತೆ. ತಮ್ಮನಿಗೆ ಕೀಮೋ ಆಗುವಷ್ಟು ಹೊತ್ತೂ ನಾನೀಗ ಮೆಟ್ಟಿಲ ಮೇಲೆ ಕೂರುತ್ತೇನೆ. ಕೂರೋಣ, ಅದಕ್ಕೇನು. ಎಪ್ಪತ್ತಮೂರರ ಸೊಂಟ, ಎಲ್ಲಿ ಕೂತರೂ ಹಿಡಿಯುತ್ತದೆ.

ಈಗ ನನಗೆ ಬೇಕಾದ್ದು ಹೇಳುತ್ತೇನೆ. ಪರಿಹಾರ ಬೇಡ, ಕ್ಷಮೆ ಬೇಡ, ಶಾಲು ಹೊದಿಸುವುದೂ ಬೇಡ. ಆರುನೂರ ಮೂವತ್ತೊಂಬತ್ತು ಜನರಿಗೆ ಫೋನು ಮಾಡಿ. ನೋವು ಎನ್ನುವ ಮಾತು ಬಾಯಿಗೆ ತರಬೇಡಿ. ಊಟವಾದ ಮೇಲೆ ಏನಾಗುತ್ತದೆ, ಹೇಗೆ ಕೂರುತ್ತೀರಿ, ಬಟ್ಟೆ ಸಡಿಲವಾಗಿದೆಯೇ, ಯಾವಾಗಿನಿಂದ ಎಂದು ಕೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ಸಂಕಟ ಎಂದವರಿಗೆ ಸ್ಕ್ಯಾನ್ ಮಾಡಿಸಿ. ಬಹಳ ಜನರಿಗೆ ಏನೂ ಇರಲಿಕ್ಕಿಲ್ಲ, ನಿಮ್ಮ ಯಂತ್ರ ಸ್ವಲ್ಪ ಸವೆಯಬಹುದು, ಸವೆಯಲಿ. ಹೊಸ ಮೂರು ಆಸ್ಪತ್ರೆಗಳಿಗೆ ಆ ಹಳೇ ಪ್ರಶ್ನೆ ಹೋಗುವುದನ್ನು ನಿಲ್ಲಿಸಿ.

ಮೊದಲ ಫೋನು ಅಂಚೆಯ ಆಕೆಗೆ. ನಾನು ಆಕೆಯ ಮನೆಗೆ ಎರಡು ಸಲ ಹೋಗಿ ಬಂದೆ, ಬೇರೆ ಕಡೆಯಾದರೂ ಸ್ಕ್ಯಾನ್ ಮಾಡಿಸಿ ಎಂದು ಗೋಗರೆದೆ. ಆಕೆ ನೀಲಿ ಕಡತ ಬಿಚ್ಚಿ ನನ್ನ ಮುಂದೆ ಹಿಡಿದರು. “ನೋಡಿ ಅಕ್ಕಾ, ಎಲ್ಲದಕ್ಕೂ ‘ಇಲ್ಲ’ ಅಂತಿದೆ. ಅಷ್ಟು ಓದಿದವರು ಬರೆದು ಕೊಟ್ಟಿರೋದು ಸುಳ್ಳಾಗುತ್ತಾ?” ಎಂದರು. ಹಾಗೆನ್ನುವಾಗಲೂ ಮಡಿಲಲ್ಲಿ ದಿಂಬಿತ್ತು. ಆಕೆ ನನ್ನ ಮಾತು ನಂಬುವುದಿಲ್ಲ, ನಿಮ್ಮ ಕಾಗದ ನಂಬುತ್ತಾರೆ. ಆ ಕಾಗದ ತಪ್ಪು ಎಂದು ಆಕೆಗೆ ಹೇಳಬಲ್ಲವರು ಈ ಊರಿನಲ್ಲಿ ನೀವೊಬ್ಬರೇ. ಇವತ್ತೇ ಹೇಳಿ.

ಇಂತಿ,
ಆ ದಿನ ತಮ್ಮನ ಪಕ್ಕದಲ್ಲೇ ಕೂತಿದ್ದು, ದೊಡ್ಡವರ ಮುಂದೆ ನಮ್ಮದೇನು ಎಂದು ಬಾಯಿ ಮುಚ್ಚಿಕೊಂಡಿದ್ದ ಅಕ್ಕ